ಚಕ್ರಕ್ಕೆ ಕಲ್ಲು ಕೊಟ್ಟವಳು

ಆಯುಷ್ಯವೆಲ್ಲ ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು ಅದೇ ಬೆಟ್ಟಕ್ಕೆ ಸೈಕಲ್ ತುಳಿಯುತ್ತ ಹೊರಟರೆ ಊರಿನ ಬಾಯಿ ಸುಮ್ಮನಿರುತ್ತದೆಯೇ? ‘ಅರವತ್ತಕ್ಕೆ ಅರಳು ಮರಳು’ ಎಂದಿತು ಡಿಪೋ. ಬೀದಿಯಲ್ಲಂತೂ, ಪಾಪ, ಗಂಡ ಹೆಂಡತಿಗೆ ಏನೋ ಜಗಳವಿರಬೇಕು ಎಂದು ಮರುಗಿದವರೂ ಇದ್ದರು. ಸೆಕೆಂಡ್ ಗೇರಣ್ಣ ಎಲ್ಲ ಕೇಳಿಸಿಕೊಳ್ಳುತ್ತಲೇ ಟೈರಿಗೆ ಗಾಳಿ ಹೊಡೆದರು. ಏರಿನಲ್ಲೂ ಇಳಿಜಾರಿನಲ್ಲೂ ಎರಡನೇ ಗೇರು ಬಿಟ್ಟು ಕದಲದವರೆಂದು ಪ್ರಯಾಣಿಕರು ಇಟ್ಟ ಹೆಸರು ಅದು. ಹೆತ್ತವರು ಇಟ್ಟ ಹೆಸರು ಈಗ ಸ್ವಂತ ಹೆಂಡತಿಗೂ ಒಂದು ಗಳಿಗೆ ಯೋಚಿಸಿದರಷ್ಟೇ ನೆನಪಾಗುತ್ತಿತ್ತು.

ಅವರು ಹೊರಟಿದ್ದು ಒಬ್ಬ ಹೆಂಗಸನ್ನು ನೋಡಲು. ಹುಬ್ಬೇರಿಸಬೇಡಿ, ಹಿಂದೆ ಬಿದ್ದು ಹೊರಡಿಸಿದವರೇ ಅವರ ಹೆಂಡತಿ.

ತಲೆಗೂದಲು ಇನ್ನೂ ಕಪ್ಪಗಿದ್ದ ಕಾಲದಲ್ಲಿ ಒಂದು ಸಂಜೆ, ಕಿಕ್ಕಿರಿದ ಬಸ್ಸು ಕಡಿದಾದ ತಿರುವೊಂದನ್ನು ಏರುತ್ತಿದ್ದಾಗ ಇಂಜಿನ್ ನಿಂತುಹೋಯಿತು. ಬ್ರೇಕ್ ತುಳಿದರೆ ಪೆಡಲು ನೆಲಕ್ಕೆ ಅಂಟಿತು. ಹ್ಯಾಂಡ್‌ಬ್ರೇಕೂ ಕೈಕೊಟ್ಟಿತು. ಬಸ್ಸು ಹಿಂದಕ್ಕೆ ಸರಿಯತೊಡಗಿತು; ಹಿಂದೆ ಇದ್ದದ್ದು ಕಣಿವೆ. ರಸ್ತೆ ರಿಪೇರಿ ಮಾಡುತ್ತಿದ್ದ ಗ್ಯಾಂಗಿನವರು ಬುಟ್ಟಿ ಸಲಿಕೆ ಬಿಸಾಡಿ ದಿಕ್ಕಾಪಾಲಾಗಿ ಓಡಿದ್ದು ಕನ್ನಡಿಯಲ್ಲಿ ಕಾಣಿಸಿತು. ಒಬ್ಬಳು ಮಾತ್ರ ದಪ್ಪ ಕಲ್ಲೊಂದನ್ನು ಹೊಟ್ಟೆಗವಚಿಕೊಂಡು ಚಕ್ರದ ಕಡೆಗೇ ಓಡಿಬಂದಳು. ಹಿಂದಿನ ಚಕ್ರದಡಿಗೆ ಒತ್ತಿ ಕಲ್ಲು ಕೊಟ್ಟಳು. ಬಸ್ಸು ನಿಂತಿತು.

ಆ ಗಲಾಟೆಯಲ್ಲಿ, ಅಳುತ್ತಿದ್ದವರನ್ನು ಇಳಿಸಿ, ಮೆಕ್ಯಾನಿಕ್ಕನನ್ನು ಕರೆಸುವಷ್ಟರಲ್ಲಿ ಗ್ಯಾಂಗಿನವರು ಕೆಲಸ ಮುಗಿಸಿ ಹೋಗಿದ್ದರು. ಆಮೇಲೆ ಅವಳು ಅದೇ ತಿರುವಿನಲ್ಲಿ ಎಷ್ಟೋ ಸಲ ಕಣ್ಣಿಗೆ ಬಿದ್ದಳು. ಆದರೆ ಅದು ಬಸ್ಸು ನಿಲ್ಲಿಸುವ ಜಾಗವೇ ಅಲ್ಲ. ಏರುವಾಗ ನಿಲ್ಲಿಸಿದರೆ ಮತ್ತೆ ಎತ್ತಿಕೊಳ್ಳುವುದಿಲ್ಲ. ಇಳಿಯುವಾಗ ನಿಲ್ಲಿಸಿದರೆ ಹಿಂದಿನಿಂದ ಬರುವವನಿಗೆ ಕಾಣುವುದಿಲ್ಲ. ಹೀಗೆ ಜೀವ ಉಳಿಸಿದವಳ ಮುಂದೆಯೇ ದಿನವೂ ಹಾದುಹೋಗಿ, ಒಂದು ಮಾತೂ ಆಡದೆ ಸರ್ವೀಸು ಮುಗಿಯಿತು. ಈಗಲೂ ನಿದ್ದೆಯಲ್ಲಿ ಅವರ ಬಲಗಾಲು ಮಂಚದ ತುದಿಯ ಹಲಗೆಯನ್ನು ಒತ್ತುತ್ತದೆ. ಹಲಗೆ ಎರಡು ಸಲ ಕಿತ್ತುಬಂದಿದೆ.

“ಹೋಗಿ ಹೇಳಿ ಬನ್ನಿ ಒಂದ್ಸಲ,” ಎಂದರು ಹೆಂಡತಿ. “ಅವಳು ಇದಾಳೋ ಇಲ್ವೋ. ಇದ್ದಾಗ ಹೇಳದೆ, ಹೋದ್ಮೇಲೆ ಗೋಡೆಗೆ ಹೇಳ್ತೀರಾ?”

ಆ ಮಾತು ಅವರ ಎದೆಗೆ ನಾಟಿತು. ಬಸ್ಸಿನಲ್ಲಿ ಹೋಗೋಣವೆಂದರೆ, ಆ ತಿರುವಿನಲ್ಲಿ ನಿಲ್ಲಿಸಪ್ಪಾ ಎಂದು ಇನ್ನೊಬ್ಬ ಡ್ರೈವರನ್ನು ಕೇಳಲು ಮನಸ್ಸು ಬರಲಿಲ್ಲ. ಆಗ ಒದಗಿದವನು ಷಡ್ಡಕ, ನಾದಿನಿಯ ಗಂಡ. ಕಸುಬಿನಲ್ಲಿ ಕ್ಷೌರಿಕ, ವರ್ಷಕ್ಕೊಮ್ಮೆ ಅಂಗಡಿ ಬಾಗಿಲು ಹಾಕಿ, ಸೈಕಲ್ಲಿಗೆ ಗಂಟುಮೂಟೆ ಕಟ್ಟಿ ಬೆಟ್ಟ ಸುತ್ತುವ ಹುಚ್ಚು ಅವನದು. “ಸೈಕಲ್ಲು ಎಲ್ಲಿ ಬೇಕಾದ್ರೂ ನಿಲ್ಲುತ್ತೆ, ಬನ್ನಿ ಭಾವ,” ಎಂದ. ಅಂಗಡಿಯ ಕನ್ನಡಿಗಳ ನಡುವೆ ನೇತುಹಾಕಿದ್ದ ಎರಡನೇ ಸೈಕಲನ್ನು ಇಳಿಸಿ, ಸರಪಳಿಗೆ ಎಣ್ಣೆ ಬಿಟ್ಟುಕೊಟ್ಟ.

ಬಸ್ಸಿಗೆ ಅರ್ಧ ದಿನ, ಸೈಕಲ್ಲಿಗೆ ಹಲವು ದಿನಗಳ ದಾರಿ. ಸೆಕೆಂಡ್ ಗೇರಣ್ಣ ಸೈಕಲನ್ನೂ ಬಸ್ಸೆಂದೇ ತಿಳಿದಿದ್ದರು. ಹಿಂದೆ ಉದ್ದನೆಯ ಬಾಲವಿದೆಯೇನೋ ಎಂಬಂತೆ ತಿರುವುಗಳನ್ನು ಅಗಲವಾಗಿ ಬಳಸುವರು, ಮೂಲೆಮೂಲೆಗೂ ಬೆಲ್ಲು ಹೊಡೆಯುವರು. ಮೊದಲ ದೊಡ್ಡ ಇಳಿಜಾರಿನಲ್ಲಂತೂ ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕ್ ಕಾಯಿಸಬಾರದು ಎಂಬ ಹಳೆಯ ಪಾಠದಂತೆ ಸಣ್ಣ ಗೇರಿಗೆ ಹಾಕಿ, ಇಂಜಿನ್ ತಡೆಯುತ್ತದೆಂದು ನೆಮ್ಮದಿಯಾಗಿ ಕುಳಿತರು. ಸೈಕಲ್ಲು ಬಿಟ್ಟ ಬಾಣವಾಯಿತು.

“ಭಾವಾ! ಇಲ್ಲಿ ಇಂಜಿನ್ನು ನೀವೇ! ಬ್ರೇಕ್ ಹಿಡೀರಿ!”

ಹಿಡಿಯುವ ಹೊತ್ತಿಗೆ ರಸ್ತೆ ಬದಿಯ ಮರಳಿನ ರಾಶಿ ಅವರನ್ನು ಬರಮಾಡಿಕೊಂಡಿತ್ತು. ಮೊಣಕೈ ತರಚಿತು, ಮಾನವೂ ಸ್ವಲ್ಪ. ಷಡ್ಡಕ ಮುಂದಿನ ಊರಿನವರೆಗೂ ನಗುತ್ತಲೇ ತುಳಿದ.

ಆದರೂ ಆ ದಾರಿ ಅವರಿಗೆ ಕೊಟ್ಟದ್ದು ಅಷ್ಟಿಷ್ಟಲ್ಲ. ಸ್ಟೀರಿಂಗ್ ಹಿಡಿದಷ್ಟು ಕಾಲವೂ ಕಂಡದ್ದು ಮುಂದಿನ ಹತ್ತು ಮಾರು ಟಾರು. ಎಡಕ್ಕೆ ಝರಿ ಇದೆಯೆಂದು ಈಗ ತಿಳಿಯಿತು. ಏದುಸಿರು ಬಿಡುತ್ತ ಸೈಕಲ್ ತಳ್ಳುವಾಗ ನೀರು ಕೊಟ್ಟವರು, ಜಗಲಿಯಲ್ಲಿ ಮಲಗಲು ಚಾಪೆ ಹಾಸಿದವರು, ಎಲ್ಲರಿಗೂ ಅವರು ಕೈಮುಗಿದರು. ಅಭ್ಯಾಸ ಮಾಡುತ್ತಿದ್ದಾರೆಂದು ಷಡ್ಡಕನಿಗೆ ಗೊತ್ತಿತ್ತು. ತಿರುವು ಹತ್ತಿರವಾದಂತೆ ಅವರು ಬೆಲ್ಲು ಹೊಡೆಯುವುದನ್ನೂ ಮರೆತರು.

ತಿರುವಿನ ಮೇಲ್ಗಡೆ ತಗಡಿನ ಮನೆ. ಹೊಸ್ತಿಲಲ್ಲಿ ಕುಳಿತ ಮುದುಕಿಯೊಬ್ಬಳು ಕತ್ತಿಯಿಂದ ಕಟ್ಟಿಗೆ ಸೀಳುತ್ತಿದ್ದಳು. ಗಾಜಿನಾಚೆಯಿಂದ ಅಷ್ಟು ವರ್ಷ ನೋಡಿದ ಮುಖ, ತಪ್ಪುವುದುಂಟೇ? ಬದುಕಿದ್ದಳು! ಸೈಕಲ್ಲು ಕೈತಪ್ಪಿ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಅರ್ಧ ಮರೆತೇಹೋದವು. ಉಳಿದರ್ಧವನ್ನು ಅಳುತ್ತಲೇ ಹೇಳಿದರು: ಆ ಸಂಜೆ, ಆ ಬಸ್ಸು, ಆ ಕಲ್ಲು. “ನಿಮ್ಮಿಂದ ಬದುಕಿದೀನಮ್ಮ. ಹೇಳೋಕೆ ಇಷ್ಟು ತಡವಾಯ್ತು.”

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು.

“ಯಾವ ಬಸ್ಸೋ ನೆನಪಿಲ್ಲ ಕಣಣ್ಣ. ಇಲ್ಲಿ ನಿಂತ ಗಾಡಿಗೆಲ್ಲ ಕಲ್ಲು ಕೊಟ್ಟೋಳು ನಾನೇ. ಕೊಡೋದೇನು ದೊಡ್ಡ ವಿಷ್ಯ? ಗಾಡಿ ಎತ್ಕೊಂಡ್ಮೇಲೆ ಒಬ್ಬನಾದ್ರೂ ಇಳಿದು ಆ ಕಲ್ಲು ತೆಗೀತಿದ್ನಾ? ನಡುರಸ್ತೇಲಿ ಬಿಟ್ಟು ಹೋಗೋದು! ಎಲ್ಲಾ ಹೊತ್ತು ಬದಿಗೆ ಹಾಕಿದ್ದು ಇದೇ ಸೊಂಟ. ನಿಮ್ದೂ ಹಾಕಿರ್ತೀನಿ!”

ಷಡ್ಡಕ ನಗು ತಡೆಯಲಾರದೆ ಆಚೆ ತಿರುಗಿದ. ಸೆಕೆಂಡ್ ಗೇರಣ್ಣನ ಮುಖ ಕೆಂಪಾಯಿತು. ಹೌದಲ್ಲ, ತೆಗೆದಿರಲಿಲ್ಲ. “ಹಾಗಾದ್ರೆ ಎರಡು ಸಲ ಕೈಮುಗೀಬೇಕು ನಾನು,” ಎಂದು ಮತ್ತೊಮ್ಮೆ ಮುಗಿದರು.

ಮುದುಕಿಯೂ ನಕ್ಕಳು. ಕತ್ತಿ ಎತ್ತಿದವಳು ಕಟ್ಟಿಗೆ ಸೀಳಲಿಲ್ಲ.

“ಆ ಬಸ್ಸಲ್ಲಿದ್ದೋರು... ಎಲ್ಲಾ ಮನೆ ಸೇರ್ಕೊಂಡ್ರಾ?”

“ಸೇರಿದ್ರು. ಎಲ್ಲಾ ಸೇರಿದ್ರು.”

“ಗಾಡಿ ಎತ್ಕೊಂಡು ಹೋಗ್ಬಿಡ್ತಿದ್ವು. ಆಮೇಲೆ ಏನಾದ್ರೋ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಯಾರೂ ಬಂದು ಹೇಳಿಲ್ಲ.”

ಸೆಕೆಂಡ್ ಗೇರಣ್ಣ ಅವಳ ಮುಖವನ್ನೇ ನೋಡಿದರು. ದಿನದಿನದ ಸಂಜೆ ಬಸ್ಸು ಅದು; ಹತ್ತಿದವರೆಲ್ಲ ಗುರುತಿನವರೇ. ಅವರು ಹೊಸ್ತಿಲಿನ ಕೆಳಗೆ ನೆಲದ ಮೇಲೆ ಕುಳಿತರು.

“ಒಬ್ಬಳು ತುಂಬು ಬಸುರಿ ಇದ್ಲು,” ಎಂದರು. “ಅದೇ ವಾರ ಹೆಣ್ಣುಮಗು ಆಯ್ತು. ಆ ಮಗು ಆಮೇಲೆ ನನ್ನ ಬಸ್ಸಲ್ಲೇ ಶಾಲೆಗೆ ಹೋಯ್ತು. ಈಗ ಅದೇ ಶಾಲೇಲಿ ಮೇಷ್ಟ್ರಮ್ಮ.”

ಮುದುಕಿ ಕತ್ತಿಯನ್ನು ಪಕ್ಕಕ್ಕಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ಮುಂದಕ್ಕೆ ಬಾಗಿದಳು.

“ಇನ್ನೂ ಯಾರ್ಯಾರಿದ್ರು? ನಿಧಾನಕ್ಕೆ ಹೇಳಿ.”

ತಮ್ಮ ಸೀಟಿನ ಹಿಂದಿನ ಸಾಲಿನಿಂದ ಶುರುಮಾಡಿ, ಸೆಕೆಂಡ್ ಗೇರಣ್ಣ ಒಬ್ಬೊಬ್ಬರನ್ನೇ ಹೇಳುತ್ತ ಹೋದರು.