ಬಿಚ್ಚದ ಬಾಟಲಿ

ನಮ್ಮ ಗೋಣು ಎಂಬುದಕ್ಕೆ ಒಂದು ಕೆಟ್ಟ ಚಾಳಿಯಿದೆ: ಎದುರಿಗಿರುವವರು ಸರ್ಕಾರದ ಕುರ್ಚಿಯಲ್ಲಿದ್ದರೆ, ಮಾತು ತಿಳಿಯಲಿ ಬಿಡಲಿ, ಅದು ತಾನಾಗಿ ಆಡುತ್ತದೆ. ಮೊನ್ನೆ ಸರ್ಕಾರಿ ದವಾಖಾನೆಯಲ್ಲಿ ಪರಸೀಮೆಯ ಡಾಕ್ಟರಮ್ಮ ನನ್ನ ಕಣ್ಣಿಗೆ ಹನಿಯ ಬಾಟಲಿ ಕೊಟ್ಟು ಹಿಂದಿಯಲ್ಲಿ ಏನೇನೋ ಹೇಳಿದರು. ನಮ್ಮ ಬಿಜಾಪುರದ ಗಾಂಧಿ ಚೌಕದ ಉರ್ದು ನನಗೆ ಸಲೀಸು. ಈ ಹಿಂದಿ ಬೇರೆಯೇ ನೀರು ಕುಡಿದು ಬೆಳೆದದ್ದು. 'ಹೂಂ' ಎಂದು ಗೋಣು ಹಾಕಿ ಮನೆಗೆ ಬಂದೆ. ಯಾವ ಕಣ್ಣಿಗೆ, ಎಷ್ಟು ಹೊತ್ತಿಗೊಮ್ಮೆ, ದೇವರೇ ಬಲ್ಲ. ಬಾಟಲಿ ಗೋಡೆಯ ಗೂಡಿನಲ್ಲಿ ಕೂತು ನನ್ನನ್ನೇ ನೋಡುತ್ತಿದೆ.

ಆ ನೋಟ ನನಗೆ ಹೊಸದಲ್ಲ. ಎಪ್ಪತ್ತರ ದಶಕದಲ್ಲಿ, ಮೆಟ್ರಿಕ್ ಮುಗಿಸಿದ ನಾನು ಟಿಕೋಟಾದ ಆಚೆಗಿನ ಒಂದು ಸಣ್ಣ ಸರ್ಕಾರಿ ದವಾಖಾನೆಯಲ್ಲಿ ಔಷಧಿ ಕೊಡುವ ಕೆಲಸಕ್ಕೆ ಸೇರಿದ್ದೆ. ಸುತ್ತಲೂ ಲಂಬಾಣಿ ತಾಂಡಾಗಳು. ಅವರ ಮಾತು ಬರುತ್ತದೆಯೇ ಎಂದು ನೌಕರಿ ಕೊಡುವ ಬಿಜಾಪುರದ ಸಾಹೇಬರು ಕೇಳಿದಾಗ 'ಬರ್ತದರಿ' ಎಂದುಬಿಟ್ಟಿದ್ದೆ. ನನಗೆ ಬರುತ್ತಿದ್ದುದು ಸಂತೆಯಲ್ಲಿ ಕಲಿತ ಮೂರು ಮಾತು. ಅದರಲ್ಲಿ ಎರಡು ಬೈಗುಳ.

ರೋಗಿಗಳು ಮನೆಯಿಂದಲೇ ಬಾಟಲಿ ತರುತ್ತಿದ್ದ ಕಾಲವದು. ಕುಡಿಯುವ ಔಷಧಿಯಾದರೆ ಬಾಟಲಿಯ ಬದಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸುತ್ತಿದ್ದೆವು. ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು. ಒಂದು ದಿನ ಸೋಮ್ಲಿಬಾಯಿ ಎಂಬ ಲಂಬಾಣಿ ಹೆಣ್ಣುಮಗಳು ಮೈತುಂಬ ಕಜ್ಜಿಯೆದ್ದ ಕೂಸನ್ನು ಕಂಕುಳಲ್ಲಿ ಹೊತ್ತು ಬಂದಳು. ಮೈಗೆ ಹಚ್ಚುವ, ಹೊಟ್ಟೆಗೆ ಹೋದರೆ ವಿಷವಾಗುವ, ಹಾಲಿನಂತೆ ಬೆಳ್ಳಗಿನ ಔಷಧಿಯನ್ನು ಅವಳ ಬಾಟಲಿಗೆ ಸುರಿದು ಕನ್ನಡದಲ್ಲೇ ಏನೋ ಗೊಣಗಿದೆ. ಅವಳು ಗೋಣು ಹಾಕಿದಳು. "ತಿಳಿಸಿ ಹೇಳಿದೇನಪಾ?" ಎಂದ ಡಾಕ್ಟರಿಗೆ ನಾನೂ ಗೋಣು ಹಾಕಿದೆ.

ಮಧ್ಯಾಹ್ನ ಹೊಸ ಕಾಗದಕ್ಕೆ ಹಲ್ಲು ಕತ್ತರಿಸುತ್ತಿದ್ದವನ ಕೈ ತಟ್ಟನೆ ನಿಂತಿತು. ಅವಳ ಬಾಟಲಿಗೆ ಹಿಂದಿನ ಸಲದ ಕೆಮ್ಮಿನ ಔಷಧಿಯ ಕಾಗದ ಹಾಗೇ ಅಂಟಿತ್ತು. ನಾನು ಕೆರೆದು ತೆಗೆದಿರಲಿಲ್ಲ. ನನ್ನ ಬಾಯಿ ಹೇಳದ್ದನ್ನು ಆ ಕಾಗದ ಹೇಳುತ್ತಿತ್ತು: ಕುಡಿಸು.

ಡಾಕ್ಟರಿಗೆ ಹೇಳಿದರೆ ನೌಕರಿ ಹೋದೀತು; ಹೇಳದಿದ್ದರೆ ಕೂಸು. ಹೊಟ್ಟೆನೋವೆಂದು ಸುಳ್ಳು ಹೇಳಿ ಬಬಲೇಶ್ವರದ ಕಡೆಯ ಅವಳ ತಾಂಡಾಕ್ಕೆ ಸೈಕಲ್ ತುಳಿದೆ. ಎದುರಿಗೆ ಬಂದವರೆಲ್ಲ ಸಾವಿನ ಸುದ್ದಿಯನ್ನೇ ತರುತ್ತಿದ್ದಾರೆ ಅನ್ನಿಸಿ ಮುಖ ತಿರುಗಿಸುತ್ತಿದ್ದೆ. ಅವಳ ಗುಡಿಸಲ ಬಾಗಿಲಲ್ಲಿ ಕೂಸು ಕಣ್ಣು ಮುಚ್ಚಿ ಮಲಗಿತ್ತು, ತುಟಿಯ ಸುತ್ತ ಬೆಳ್ಳಗೆ. ಸೈಕಲ್ ಬಿಸಾಕಿ ಓಡಿದೆ. ಬೆರಳಿನಿಂದ ಒರೆಸಿ ಮೂಸಿದೆ. ಮಜ್ಜಿಗೆ. ಕೂಸು ಎಚ್ಚೆತ್ತು ಕಿರುಚಿತು. ಅಷ್ಟು ಇಂಪಾದ ದನಿಯನ್ನು ನಾನು ಇಂದಿಗೂ ಕೇಳಿಲ್ಲ.

ಔಷಧಿಯ ಬಾಟಲಿ ಸೂರಿನ ಬಿದಿರು ಗಳಕ್ಕೆ ತೂಗಾಡುತ್ತಿತ್ತು, ಬೂಚು ಬಿಚ್ಚಿರಲಿಲ್ಲ. ಆಗಷ್ಟೇ ಸಂತೆಯಿಂದ ಬಂದ ತಾಂಡಾದ ನಾಯಕ, ಕನ್ನಡ ಬಲ್ಲ ಮುದುಕ, ನನ್ನ ತೊದಲು ಕೇಳಿ ಹೇಳಿದ: "ಸರಕಾರದ್ದು ಏನ ಬಂದ್ರೂ ನಾ ನೋಡೂತನಕಾ ಇಲ್ಲಿ ಯಾರೂ ಮುಟ್ಟೂದಿಲ್ರಿ. ನಿಮಗ ನಮ್ಮ ಮಾತ ಬರ್ತದಂತ ದವಾಖಾನ್ಯಾಗ ಅಂತಾರಲ್ಲ, ನೀವ ಹೇಳ್ರಿ ಆಕಿಗಿ."

"ಬರೂದಿಲ್ಲ ಯಪ್ಪಾ."

"ಆಕಿ ನಿಮಗಂಜಿ ಹೂಂ ಅಂದಾಳ. ನೀವ್ಯಾರಿಗಂಜಿದ್ರಿ?" ನಾನು ಬಾಟಲಿಯನ್ನು ಗಳದಿಂದ ಇಳಿಸಿದೆ. "ಇರ್ಲಿ ಬಿಡ್ರಿ. ಮಾತ ಬರದಿದ್ರ ಕೈ ಅದಾವಲ್ಲ, ಹಚ್ಚಿ ತೋರಸ್ರಿ."

ಹಳೆಯ ಕಾಗದವನ್ನು ಉಗುರಿನಿಂದ ಕೆರೆದು, ಕೂಸಿನ ಮೈಗೆಲ್ಲ ನಾನೇ ಹಚ್ಚಿದೆ. ಸೋಮ್ಲಿಬಾಯಿ ಏನೋ ಅಂದಳು. ಸುತ್ತ ನಿಂತವರೆಲ್ಲ ನಕ್ಕರು. ಅವಳ ಆ ಮಾತು ಮಾತ್ರ ನನಗೆ ಚೆನ್ನಾಗಿ ತಿಳಿಯಿತು. ನನಗೆ ಬರುವ ಎರಡು ಬೈಗುಳಗಳಲ್ಲಿ ಅದೊಂದು.

ಡಾಕ್ಟರಿಗೆ ಇದನ್ನು ನಾನು ಕೊನೆಯತನಕ ಹೇಳಲಿಲ್ಲ. ಅವರೀಗ ಇಲ್ಲ, ನಿಮ್ಮ ಮುಂದೆ ಹೇಳುತ್ತಿದ್ದೇನೆ. ಗೂಡಿನಲ್ಲಿರುವ ಬಾಟಲಿಯನ್ನು ನಾನೂ ಬಿಚ್ಚಿಲ್ಲ, ಆದರೆ ನೋಡಿ ಹೇಳಲು ನಮ್ಮ ಮನೆಗೆ ಯಾವ ನಾಯಕನೂ ಬರುವವನಲ್ಲ. ನಾಳೆ ದವಾಖಾನೆಗೆ ಹೋಗಿ 'ತಿಳೀಲಿಲ್ರಿ' ಎನ್ನಬೇಕು. ಬೆಳಗಿನಿಂದ ಕನ್ನಡಿಯ ಮುಂದೆ ನಿಂತು, ಗೋಣು ಆಡಿಸದಿರುವುದನ್ನು ರೂಢಿ ಮಾಡುತ್ತಿದ್ದೇನೆ. ಎದೆ ಮಾತ್ರ ಇನ್ನೂ ಆವತ್ತಿನ ಸೈಕಲ್ ತುಳಿಯುತ್ತಿದೆ.