ಅಕ್ಕನ ಕಾಲೇಜು ಅರ್ಜಿ

ಆಗೆಲ್ಲ ಊರಿಗಾಂನ ಚಿನ್ನದ ಗಣಿ ಕೆಲಸಗಾರರ ನಮ್ಮ ಲೈನು ಮನೆಗಳಲ್ಲಿ ಹೊತ್ತು ತಿಳಿಯಲು ಗಡಿಯಾರ ಬೇಕಿರಲಿಲ್ಲ, ಗಣಿಯ ಸೈರನ್ ಸಾಕಿತ್ತು. ಚಿನ್ನ ತೆಗೆದು ಎಸೆದ ಮಣ್ಣಿನ ಸೈನೈಡ್ ಗುಡ್ಡದಲ್ಲಿ ತಗಡಿನ ಮೇಲೆ ಕೂತು ಜಾರುತ್ತಿದ್ದ ನಾವು ಅದು ಕೂಗಿದೊಡನೆ ಮನೆಗೆ ಓಡುತ್ತಿದ್ದೆವು. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಗ್ರೀಸಿನ ವಾಸನೆಯ ಅಂಗಿಯಲ್ಲಿ ಬರುತ್ತಿದ್ದ. ಸಂಬಳದ ದಿನವಾದರೆ ಕೈಯಲ್ಲಿ ಆಂಡರ್ಸನ್‌ಪೇಟೆಯ ಬೇಕರಿಯ ಬಿಸಿ ಬನ್ನುಗಳ ಪೊಟ್ಟಣ.

ನಾನು ಆರನೇ ಕ್ಲಾಸು, ಅಕ್ಕ ಮಂಗಳಾ ಹತ್ತನೇದು. ಒಂದು ಭಾನುವಾರ ಕಾಮಸಮುದ್ರದ ಕಡೆಯಿಂದ ದೊಡ್ಡಪ್ಪ ಬಂದ. ಅಕ್ಕನಿಗೊಂದು ಗಂಡು ನೋಡಿದ್ದೇನೆ, ಹೆಣ್ಣಿಗೆ ಓದಿಗಿಂತ ಮನೆ, ಮಾನ ಮುಖ್ಯ ಎಂದ. ಅಪ್ಪ ಉಣ್ಣುವುದನ್ನು ಬಿಟ್ಟು ಎದ್ದ.

"ನನ್ ಮಗಳು ಡಾಕ್ಟ್ರು ಓದ್ತಾಳೆ. ನಿನ್ನ ಅಳ್ಳಿ ಬುದ್ಧೀನ ಊರಲ್ಲೇ ಇಟ್ಕೋ ಅಣ್ಣ."

ದೊಡ್ಡಪ್ಪ ಮುದ್ದೆ ಅರ್ಧಕ್ಕೇ ಬಿಟ್ಟು ಬಸ್ಸು ಹಿಡಿದ. ಅಂಥ ಅಪ್ಪ ಇಡೀ ಲೈನಿನಲ್ಲಿ ಯಾರಿಗೂ ಇಲ್ಲ ಎಂದು ನಾನು ಬೀಗಿದೆ.

ಆ ವರ್ಷವೇ ಗಣಿ ಮುಚ್ಚಿತು. ಗೇಟಿಗೆ ಒಂದು ಕಾಗದ ಅಂಟಿಸಿದರು, ಅಷ್ಟೇ. ಅಪ್ಪ ದಿನವೂ ಗೇಟಿನವರೆಗೆ ಹೋಗಿ ಬರುತ್ತಿದ್ದ. ಆಮೇಲೆ ಅದನ್ನೂ ಬಿಟ್ಟು ಜಗಲಿಯಲ್ಲಿ ಕೂತ. ಅಕ್ಕ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಬಂಗಾರಪೇಟೆಯ ಕಾಲೇಜಿನಿಂದ ಅರ್ಜಿ ತಂದಳು. ಸೈನ್ಸ್ ಎಂದು ತಾನೇ ತುಂಬಿ ಅಪ್ಪನ ಸಹಿಗೆ ಹಿಡಿದಳು.

ಅಪ್ಪ ನೋಡಲೇ ಇಲ್ಲ. "ಎಣ್ಮಕ್ಳು ಅಷ್ಟೆಲ್ಲ ಓದಿದ್ರೆ ತಲೆ ತಿರುಗ್ತದೆ. ಎಣ್ಣಿಗೆ ಮನೆ, ಮಾನ ಮುಖ್ಯ."

ಅದು ದೊಡ್ಡಪ್ಪನ ಮಾತು! ನನಗೆ ಮೈ ಉರಿಯಿತು. "ಮತ್ತೆ ದೊಡ್ಡಪ್ಪನ್ನ ಯಾಕೆ ಬೈದು ಕಳಿಸ್ದೆ?" ಎಂದು ಕಿರುಚಿದೆ. ಅಪ್ಪ ಕಪಾಳಕ್ಕೆ ಹೊಡೆದ. ಅವನು ಹೊಡೆದದ್ದು ಅದೇ ಮೊದಲು.

ಅಕ್ಕ ನನ್ನನ್ನು ಕೊಳಾಯಿಯ ಹತ್ತಿರ ಎಳೆದುಕೊಂಡು ಹೋಗಿ ಮುಖ ತೊಳೆದಳು. "ಬಯ್ಯಬ್ಯಾಡ ಕಣೇ. ಕಾಸಿಲ್ಲ ಅನ್ನೋಕೆ ಅಪ್ಪಂಗೆ ಬಾಯಿ ಬರಾಕಿಲ್ಲ."

ಕಾಸಿಲ್ಲ ಎಂದಿದ್ದರೆ ನಾನು ಕ್ಷಮಿಸುತ್ತಿದ್ದೆ. ಆದರೆ ಅಪ್ಪ ನೆಪ ಹೇಳುತ್ತಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಆ ಮಾತನ್ನು ಮನಸಾರೆ ನಂಬಿಬಿಟ್ಟಿದ್ದ.

ಮನೆಯಲ್ಲಿ ರಾಗಿ ಮುಗಿದಾಗ ಆ ಮಾನವೂ ಸಡಿಲಾಯಿತು. ಬೆಳಗಿನ ರೈಲಿನಲ್ಲಿ ಅಕ್ಕ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟಳು. ಹದಿನಾರಕ್ಕೆ ಹದಿನೆಂಟೆಂದು ಬರೆಸಿದರು. ಮೊದಲ ವಾರ ಅಪ್ಪ ತಲೆ ತಗ್ಗಿಸಿ ನಡೆದ. ಅವಳ ಸಂಬಳ ಬಂದ ಮೇಲೆ ಟೀ ಅಂಗಡಿಯಲ್ಲಿ ಅವನ ದನಿ ಏರಿದ್ದನ್ನು ನಾನೇ ಕೇಳಿದೆ: "ಎಣ್ಮಕ್ಳು ದುಡೀಬೇಕು ಕಣ್ರಪ್ಪಾ. ಮನೇಲಿ ಕೂರ್ಸೋರು ದಡ್ರು."

ಆ ಸಂಬಳದಲ್ಲೇ ನಾನು ಓದಿ ಟೀಚರಾದೆ. ಈಗ ಸಭೆಗಳಲ್ಲಿ ಇಸ್ತ್ರಿ ಅಂಗಿಯವರು ಮೈಕು ಹಿಡಿದು, ಬಡ ತಂದೆತಾಯಿಗೆ ಹೆಣ್ಣುಮಕ್ಕಳ ಓದಿನ ಬೆಲೆ ಗೊತ್ತಿಲ್ಲ, ತಿಳಿವಳಿಕೆ ಕೊಡಬೇಕು ಅನ್ನುತ್ತಾರೆ. ನನ್ನಪ್ಪನಿಗೆ ಗೊತ್ತಿತ್ತು ಸ್ವಾಮಿ. ನೀವು ಮೈಕು ಹಿಡಿಯುವ ಮುಂಚೆಯೇ ಗೊತ್ತಿತ್ತು. ಸಂಬಳದ ಜೊತೆ ಅವನ ತಿಳಿವಳಿಕೆಯನ್ನೂ ಕಿತ್ತುಕೊಂಡದ್ದು ಯಾರೆಂದು ಆ ಮೈಕಿನಲ್ಲಿ ಯಾರೂ ಕೇಳುವುದಿಲ್ಲ.

ಅಪ್ಪ ಈಗ ಬಂಗಾರಪೇಟೆಯಲ್ಲಿ ನನ್ನ ಜೊತೆಗಿದ್ದಾನೆ. ಮೊನ್ನೆ ನನ್ನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, "ಇವ್ಳನ್ನ ಡಾಕ್ಟ್ರು ಓದ್ಸು. ಎಣ್ಮಕ್ಳು ಓದ್ಬಾರ್ದು ಅಂತ ನಾನು ಯಾವತ್ತಾದ್ರೂ ಅಂದಿದ್ನಾ?" ಎಂದ. ಸುಳ್ಳಲ್ಲ, ನಿಜಕ್ಕೂ ಮರೆತಿದ್ದಾನೆ.

ಭಾನುವಾರವೆಂದು ಬಂದಿದ್ದ ಅಕ್ಕ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಇಪ್ಪತ್ತು ವರ್ಷ ಕಾಲರ್ ಹೊಲಿದ ಅವಳ ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ. ನಾನು ಬಾಯಿ ತೆರೆದೆ. ಅವಳು ನನ್ನನ್ನೇ ನೋಡಿ, ಬೇಡವೆಂದು ತಲೆಯಾಡಿಸಿದಳು.