ಪರವಾಗಿಲ್ಲ ಅಂದ ಆರ್ಲಿಸ್

ಉತ್ತರ ಮಿನೆಸೋಟಾದ ನಮ್ಮ ಊರಿನವರ ಬಾಯಲ್ಲಿ ನೋವು ಅನ್ನುವ ಮಾತು ಹೊರಡುವುದೇ ಇಲ್ಲ. ಆರ್ಲಿಸಳ ಗಂಡ ವರ್ಲಿನ್ ಬದುಕಿದ್ದಾಗ ಸೂರಿನ ಮೇಲಿನ ಹಿಮ ಎಳೆಯಲು ಹೋಗಿ ಏಣಿಯಿಂದ ಬಿದ್ದ. ಮೂಳೆ ಮುರಿದು ಪಾದ ಹಿಂದುಮುಂದಾಗಿತ್ತು. ಆಂಬುಲೆನ್ಸಿನವರು ಹೇಗಿದ್ದೀರಿ ಅಂತ ಕೇಳಿದರೆ ಪುಣ್ಯಾತ್ಮ ಪರವಾಗಿಲ್ಲ ಅಂದ. ಊರಿನವರು ವರ್ಷಗಟ್ಟಲೆ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಹೆಮ್ಮೆಯಂತೆ, ಮಣ್ಣು!

ಆರ್ಲಿಸ್ ಟೊಲೆಫ್ಸನ್ ಶಾಲೆಯ ಬಸ್ ಓಡಿಸುವವಳು. ಗಂಡ ಸತ್ತ ಮರುವರ್ಷ ಸಂಧಿವಾತ ಅವಳ ಬೆರಳುಗಳನ್ನು ಹಿಡಿಯಿತು. ಮಾತ್ರೆ ಕೊಟ್ಟು ನೋಡಿದರು, ರೋಗ ಬಗ್ಗಲಿಲ್ಲ. ಆಮೇಲೆ ಡಾಕ್ಟರ್ ವೆಸ್ಟ್‌ಬಿ ಎರಡು ವಾರಕ್ಕೊಮ್ಮೆ ತಾನೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದುಕೊಟ್ಟರು. ಜೀವಕೋಶಗಳಲ್ಲಿ ಬೆಳೆಸಿ ತೆಗೆಯುವ ಔಷಧವಂತೆ. ಬೆಲೆ ತಿಂಗಳಿಗೆ ಏಳು ಸಾವಿರ ಡಾಲರ್, ಅವಳ ಎರಡು ತಿಂಗಳ ಸಂಬಳಕ್ಕೂ ಮೇಲೆ. ಬಹುಪಾಲನ್ನು ಶಾಲೆ ಕೊಡಿಸಿದ ವಿಮೆ ಕಟ್ಟುತ್ತಿತ್ತು, ಉಳಿದದ್ದಕ್ಕೆ ಔಷಧ ಕಂಪನಿಯದೇ ಒಂದು ರಿಯಾಯಿತಿ ಕಾರ್ಡು. ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಸೂಜಿಯ ಡಬ್ಬ ಕೂತಿತು, ಬೆರಳು ಮತ್ತೆ ಬೆರಳಾದವು. ಆ ಕ್ರಿಸ್‌ಮಸ್‌ಗೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರ ಜೊತೆ ನಿಂತು ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಲಟ್ಟಿಸಿದಳು.

ಅಷ್ಟು ಸುಖ ವಿಮೆಯವರಿಗೆ ಸಹಿಸಬೇಕಲ್ಲ. ಶಾಲೆಯವರು ಹೊಸ ವಿಮೆಗೆ ಬದಲಾಯಿಸಿದ್ದೇ ತಡ, ಹೊಸಬರು ಜನವರಿಯಿಂದ ಇಂಜೆಕ್ಷನ್ ನಿಲ್ಲಿಸಿದರು. ಮೊದಲು ಮೂರು ತಿಂಗಳು ಅಗ್ಗದ ಮಾತ್ರೆ ನುಂಗಬೇಕು, ಅದರಿಂದ ಆಗಲಿಲ್ಲ ಅಂತ ಗೊತ್ತಾದರೆ ಮಾತ್ರ ಇಂಜೆಕ್ಷನ್ ಕೊಡುತ್ತಾರಂತೆ. ಆ ಮಾತ್ರೆಯೇ ಹಿಂದೊಮ್ಮೆ ಸೋತಿತ್ತಲ್ಲ ಅಂತ ಡಾಕ್ಟರ್ ಬಡಿದುಕೊಂಡರು. ಅದು ಹಳೇ ವಿಮೆಯ ಕಾಲದ್ದು, ನಮಗೆ ಸಂಬಂಧವಿಲ್ಲ ಅಂದರು ಹೊಸ ವಿಮೆಯವರು. ಇಂಥ ಬುದ್ಧಿ ಯಾವ ಮಹಾನುಭಾವನಿಗೆ ಹೊಳೆಯಿತೋ, ಅವನ ಕೈಗೆ ಒಂದೇ ಒಂದು ದಿನ ಆರ್ಲಿಸಳ ಬೆರಳು ಅಂಟಿಸಬೇಕು.

ಅವಳಿಗೆ ಇದ್ದ ಭಯ ಒಂದೇ. ಆಗಸ್ಟಿನಲ್ಲಿ ಚಾಲಕರಿಗೆಲ್ಲ ಪರೀಕ್ಷೆ. ಬಸ್ಸಿನ ಹಿಂದಿನ ತುರ್ತು ಬಾಗಿಲ ಹಿಡಿಯನ್ನು ಎತ್ತಿ, ತಳ್ಳಿ ತೆಗೆದು ತೋರಿಸಬೇಕು. ಆಗದಿದ್ದರೆ ಬಸ್ಸು ಹೋಯಿತು, ಬಸ್ಸಿನ ಜೊತೆ ವಿಮೆಯೂ ಹೋಯಿತು.

ಮೂರು ತಿಂಗಳಾದ ಮೇಲೆ ವಿಮೆಯವರ ನರ್ಸ್ ಫೋನ್ ಮಾಡಿ ವಿಚಾರಿಸುತ್ತಾಳೆ ಅಂತ ಗೊತ್ತಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿ, ನಮ್ಮೂರಿನವರ ಥರ ಆಡಬೇಡಿ ಅಂತ ಡಾಕ್ಟರ್ ಎಚ್ಚರಿಸಿದ್ದರು. ಅಕ್ಕ ಮಾರ್ಡೆಲ್‌ಗೆ ತಂಗಿಯ ಮೇಲೆ ನಂಬಿಕೆಯಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ತಾಲೀಮು ಶುರುಮಾಡಿದಳು.

“ನಾನೇ ಆ ನರ್ಸ್ ಅಂದ್ಕೋ. ಕೈ ಹೇಗಿದೆ?”

“ಒಂಚೂರು ಬಿಗಿ.”

“ಒಂಚೂರಾ? ಬಸ್ಸಿನ ಕೀಲಿ ತಿರುಗಿಸೋಕೆ ಇಕ್ಕಳ ಹಿಡೀತೀಯಲ್ಲೇ, ಅದನ್ನ ಹೇಳು.”

“ಅದೆಲ್ಲ ಹೇಳಿದ್ರೆ ಭಿಕ್ಷೆ ಬೇಡಿದ ಹಾಗಿರತ್ತೆ, ಅಕ್ಕಾ.”

“ಬೇಡು. ನಿನ್ನ ಗಂಟೇನು ಹೋಗತ್ತೆ?”

ಆರ್ಲಿಸ್ ನಕ್ಕು, ಸರಿ ಹೇಳ್ತೀನಿ ಅಂದಳು. ಅಷ್ಟು ಹೊತ್ತಿಗಾಗಲೇ ಅವಳು ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿಯುತ್ತಿದ್ದಳು, ಅಂಗಿಯ ಗುಂಡಿ ಬಿಟ್ಟು ತಲೆಯ ಮೇಲಿಂದ ಹಾಕುವ ಸ್ವೆಟರಿಗೆ ಬಂದಿದ್ದಳು.

ಫೋನ್ ಬಂದದ್ದು ಏಪ್ರಿಲಿನ ಒಂದು ಮಧ್ಯಾಹ್ನ. ಆರ್ಲಿಸ್ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. ಈ ಮಾತುಕತೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ ಅಂತ ಮೊದಲೇ ತಿಳಿಸಿ, ಆ ಹೆಂಗಸು ಹೇಗಿದ್ದೀರಿ ಅಂತ ಕೇಳಿದಳು.

“ಪರವಾಗಿಲ್ಲ,” ಅಂದಳು ಆರ್ಲಿಸ್. “ನಿಮಗೇ ಗಂಟಲು ಕಟ್ಟಿದ ಹಾಗಿದೆಯಲ್ಲಮ್ಮಾ?”

ನೆಗಡಿ ಅಂತ ಅವಳು, ಜೇನುತುಪ್ಪ ನಿಂಬೆರಸ ಕುಡಿ ಅಂತ ಇವಳು. ಹೀಗೆ ಸ್ವಲ್ಪ ಹೊತ್ತು ಹೋಯಿತು. ಮಾತ್ರೆ ಹೇಗೆ ಅಂತ ಕೇಳಿದಾಗ ಆರ್ಲಿಸಳ ನಾಲಿಗೆಯ ತುದಿಗೆ ಇಕ್ಕಳದ ಮಾತು ಬಂದಿತ್ತು. ಆದರೆ ಪಾಪ, ಹುಷಾರಿಲ್ಲದ ಹುಡುಗಿಯ ಹತ್ತಿರ ತನ್ನ ಗೋಳು ತೋಡಿಕೊಳ್ಳುವುದೇ?

“ಹೇಗೋ ನಡೀತಿದೆ. ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದ್ದಾರೆ.”

ಕೆಲಸಕ್ಕೆ ಹೋಗುತ್ತಿದ್ದೀರಾ ಅಂದದ್ದಕ್ಕೆ, ಒಂದು ದಿನವೂ ತಪ್ಪಿಸಿಲ್ಲ ಅಂತ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು. ಒಳ್ಳೆಯ ಹುಡುಗಿ, ಮಾತು ಚೆನ್ನಾಗಿ ಆಯಿತು ಅಂತ ಸಂಜೆ ಅಕ್ಕನಿಗೆ ವರದಿಯನ್ನೂ ಒಪ್ಪಿಸಿದಳು. ಮಾರ್ಡೆಲ್ ಕುರ್ಚಿ ಎಳೆದುಕೊಂಡು ಕೂತಳು.

ಮಾತ್ರೆಯಿಂದ ಗುಣ ಕಾಣುತ್ತಿದೆ, ಇಂಜೆಕ್ಷನ್ ಅಗತ್ಯವಿಲ್ಲ ಅಂತ ಉತ್ತರ ಬಂತು. ವಿಮೆ ಒಪ್ಪದಿದ್ದರೆ ರಿಯಾಯಿತಿ ಕಾರ್ಡೂ ನಡೆಯದು. ಡಾಕ್ಟರ್ ಕೈಗಳ ಎಕ್ಸ್‌ರೇ ಕಳಿಸಿ ಮೇಲ್ಮನವಿ ಹಾಕಿದರು. ವಿಮೆಯವರು ಆರ್ಲಿಸಳ ಧ್ವನಿಯನ್ನೇ ಅವರಿಗೆ ಕೇಳಿಸಿದರು. ರೋಗಿಯೇ ಚೆನ್ನಾಗಿದ್ದೇನೆ ಅನ್ನುವಾಗ ನಿಮ್ಮದೇನು ತಕರಾರು ಅಂದರು. ಆ ಹಾಳು ಸಭ್ಯತೆಯನ್ನು ಯಾರ ತಲೆಗೆ ಕಟ್ಟೋಣ? ಬೆಳೆಸಿದ ತಾಯಿಗೋ, ಊರಿಗೋ, ಅದನ್ನೇ ಕಾಯುತ್ತ ಕೂತು ಹಿಡಿದ ವಿಮೆ ಕಂಪನಿಗೋ? ನನ್ನನ್ನು ಕೇಳಿದರೆ ಕಂಪನಿಗೇ.

ಆಗಸ್ಟ್ ಬಂತು. ಪರೀಕ್ಷೆ ಮಾಡುವವನು ಕರ್ಟ್, ಅವಳ ಜೊತೆಗೇ ಬಸ್ಸಿನ ಕೆಲಸಕ್ಕೆ ಸೇರಿದವನು. ಆರ್ಲಿಸ್ ಹಿಂದಿನ ಬಾಗಿಲಿನ ಹಿಡಿಗೆ ಕೈ ಹಾಕಿದಳು. ಬೆರಳು ಮಡಚಿಕೊಳ್ಳಲಿಲ್ಲ. ಮುಂಗೈ ಕೊಟ್ಟು ಎತ್ತಿದಳು, ಮೊಣಕೈ ಕೊಟ್ಟಳು, ಕೊನೆಗೆ ಭುಜ ಕೊಟ್ಟು ನಿಂತಳು. ಕರ್ಟ್ ಬೇಕೆಂದೇ ಕಿಟಕಿಯಾಚೆ ನೋಡುತ್ತ, ಅವಸರವಿಲ್ಲ ಅಂದ. ಸುಮಾರು ಹೊತ್ತಾದ ಮೇಲೆ, “ಹುಷಾರಾಗಿದ್ದೀಯಾ, ಆರ್ಲಿಸ್?” ಅಂತ ಕೇಳಿದ.

“ಇಲ್ಲ ಕಣೋ,” ಅಂದಳು. “ನೋಯತ್ತೆ. ಬಟ್ಟೆ ಹಾಕ್ಕೊಳೋಕಾಗಲ್ಲ. ರಾತ್ರಿ ಹೊದಿಕೆ ತಾಗಿದ್ರೂ ಅಳು ಬರತ್ತೆ. ಚಳಿಗಾಲದಿಂದ ಇಕ್ಕಳದಲ್ಲಿ ಬಸ್ ಸ್ಟಾರ್ಟ್ ಮಾಡ್ತಿದ್ದೀನಿ.”

ಇಷ್ಟು ಮಾತನ್ನು ಅವಳ ಬಾಯಲ್ಲಿ ಕರ್ಟ್ ಕೇಳಿದವನೇ ಅಲ್ಲ. ಕಿವಿಯ ತನಕ ಕೆಂಪಾಗಿ ತನ್ನ ಬೂಟುಗಳನ್ನು ನೋಡಿಕೊಂಡ. ಸಮಾಧಾನಕ್ಕೆ ಅವನಿಗೆ ಗೊತ್ತಿದ್ದದ್ದು ಒಂದೇ ಮಾತು.

“ಹ್ಞೂಂ. ಇದಕ್ಕಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದ್ದಾರೆ, ಅಲ್ವಾ.”

ಆಮೇಲೆ ಪರೀಕ್ಷೆಯ ಹಾಳೆಯಲ್ಲಿ ಆಗಲಿಲ್ಲ ಅಂತ ಬರೆದು, ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಾಗಿಲನ್ನು ತಾನೇ ತೆಗೆದುಕೊಟ್ಟ.